ಔಟ್‌ಲೈನರ್ ಫೈಲ್ ಭಾರವಾದಾಗ: ಅಳೆಯುವುದು, ಹಗುರ ಮಾಡುವುದು, ಒಡೆಯುವುದು

ನವೆಂಬರ್ ಕೊನೆಯ ವಾರ, ಕಾರಟಗಿಯಲ್ಲಿ ಸುಗ್ಗಿ. ಅಂಗಡಿ ಮುಂದೆ ನೆಲ್ಲಿನ, ಅಂದರೆ ಭತ್ತದ, ಲಾರಿ ನಿಂತಿತ್ತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದಿದ್ದ. ನಾನು ಒಳಗೆ ಒಂದೇ ಒಂದು ಸಾಲು ಹುಡುಕುತ್ತಿದ್ದೆ. ಸಿದ್ದಾಪುರದ ರೈತರೊಬ್ಬರಿಗೆ ಗೊಬ್ಬರಕ್ಕೆಂದು ಕೊಟ್ಟ ಮುಂಗಡ ಎಷ್ಟು ಅಂತ. ಫೈಲ್ ಮೇಲೆ ಕ್ಲಿಕ್ ಮಾಡಿ ಚಹಾ ತರಿಸಿದೆ. ಚಹಾ ಕುಡಿದದ್ದೂ ಆಯಿತು, ಪರದೆ ಇನ್ನೂ ಬೆಳ್ಳಗೇ ಇತ್ತು. ಕೊನೆಗೆ ಆ ರೈತರೇ ಜೇಬಿನಿಂದ ಮಡಿಚಿದ ಚೀಟಿ ತೆಗೆದು ಮೇಜಿನ ಮೇಲಿಟ್ಟರು. ನನ್ನದೇ ಕೈಬರಹ. ನಾಚಿಕೆ ಆಯಿತು.

ತಪ್ಪು ನನ್ನದೇ. ದಲ್ಲಾಳಿ ಅಂಗಡಿಯ ಏಳು ವರ್ಷದ ಬರಹವನ್ನೆಲ್ಲ ಒಂದೇ ಔಟ್‌ಲೈನ್ ಫೈಲ್‌ಗೆ ತುಂಬಿದ್ದೆ. ಹಂಗಾಮು, ಅದರ ಕೆಳಗೆ ಊರು, ಊರಿನ ಕೆಳಗೆ ರೈತರು, ಅವರ ಕೆಳಗೆ ಲಾಟು, ಲಾಟಿನ ಕೆಳಗೆ ತೇವಾಂಶ, ಚೀಲ, ಲಾರಿ ನಂಬರ್. ಬೇಕಾದಾಗ ಬಿಚ್ಚು, ಬೇಡವಾದಾಗ ಮಡಚು. ಔಟ್‌ಲೈನರ್ ಅಂದರೆ ಇಷ್ಟೇ, ಮಡಚಿ ಬಿಚ್ಚಬಹುದಾದ ಪಟ್ಟಿ. ಎಣಿಸಿ ನೋಡಿದಾಗ 1,80,000 ಸಾಲು ದಾಟಿತ್ತು. ಸೈಜ್ 16 ಎಂಬಿ. ಒಂದು ಮದುವೆ ವಿಡಿಯೋದ ಚೂರಿನಷ್ಟೂ ಇಲ್ಲ. ಆದರೂ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು.

ಆ ಫೈಲನ್ನು ಸರಿಮಾಡಲು ನನಗೆ ಒಂದು ಬೇಸಿಗೆ ಹಿಡಿಯಿತು. ನೀವು ಶಾಸನಗಳ ಟಿಪ್ಪಣಿ ಇಟ್ಟುಕೊಂಡಿರಬಹುದು, ಪರೀಕ್ಷೆಗೆ ಓದುವ ನೋಟ್ಸ್ ಇರಬಹುದು, ಗಾರ್ಮೆಂಟ್ ಆರ್ಡರ್ ಇರಬಹುದು. ಲೆಕ್ಕ ಒಂದೇ. ನಾನು ಮಾಡಿದ ಕ್ರಮದಲ್ಲೇ ಹೇಳುತ್ತೇನೆ. ಮೊದಲು ಮಾಡಬೇಕಿದ್ದದ್ದನ್ನು ಕೊನೆಗೆ ಮಾಡಿದ ಕಡೆ ಮಾತ್ರ ಕ್ರಮ ತಿದ್ದಿದ್ದೇನೆ.

ಹಂತ 1: ಮೊದಲು ಬ್ಯಾಕಪ್, ಆಮೇಲೆ ಎಣಿಕೆ

ಫೈಲನ್ನು ಎರಡು ಕಡೆ ಕಾಪಿ ಮಾಡಿ. ಒಂದು ಪೆನ್‌ಡ್ರೈವ್‌ಗೆ. ಆನ್‌ಲೈನ್ ಆಪ್ ಆದರೆ ಎಕ್ಸ್‌ಪೋರ್ಟ್ ಮಾಡಿ. ವರ್ಕ್‌ಫ್ಲೋಯಿ, ಡೈನಾಲಿಸ್ಟ್ ಎರಡರಲ್ಲೂ ಓಪಿಎಂಎಲ್ ಅನ್ನುವ ರೂಪದಲ್ಲೂ ಸಾದಾ ಪಠ್ಯವಾಗಿಯೂ ತೆಗೆಯಲು ಬರುತ್ತದೆ. ಎರಡನ್ನೂ ತೆಗೆದಿಡಿ. ಓಪಿಎಂಎಲ್‌ನಲ್ಲಿ ಯಾವ ಸಾಲು ಯಾವುದರ ಕೆಳಗಿದೆ ಅನ್ನುವುದು ಖಚಿತವಾಗಿ ಉಳಿಯುತ್ತದೆ. ಸಾದಾ ಪಠ್ಯವನ್ನು ಯಾವ ಎಡಿಟರ್‌ನಲ್ಲಾದರೂ ತೆರೆಯಬಹುದು.

ಈಗ ನಾಲ್ಕು ಸಂಖ್ಯೆ ಬರೆದುಕೊಳ್ಳಿ. ಒಟ್ಟು ಎಷ್ಟು ಸಾಲು. ಫೈಲ್ ಎಷ್ಟು ಎಂಬಿ. ಅತಿ ಉದ್ದದ ಸಾಲು ಯಾವುದು. ಮತ್ತು ಎಲ್ಲಕ್ಕಿಂತ ಜಾಸ್ತಿ ಮಕ್ಕಳು, ಅಂದರೆ ನೇರ ಕೆಳಗಿನ ಸಾಲುಗಳು, ಇರುವ ತಲೆಸಾಲು ಯಾವುದು. ಈ ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ. ನನ್ನ ಫೈಲ್‌ನಲ್ಲಿ ‘ಇತರೆ’ ಅನ್ನುವ ಒಂದೇ ತಲೆಸಾಲಿನ ಕೆಳಗೆ 11,000 ಸಾಲು ಇದ್ದವು. ಎಲ್ಲಿ ಹಾಕಬೇಕು ಅಂತ ಗೊತ್ತಾಗದ್ದನ್ನೆಲ್ಲ ಅಲ್ಲಿಗೆ ಒಗೆದಿದ್ದೆ.

ಸೈಜ್ ನೋಡುವಾಗ ಕನ್ನಡದವರಿಗೆ ಒಂದು ವಿಶೇಷ ಲೆಕ್ಕ ಇದೆ. ಯೂನಿಕೋಡ್ ಪಠ್ಯವನ್ನು ಸಾಮಾನ್ಯವಾಗಿ ಯುಟಿಎಫ್-8 ರೂಪದಲ್ಲಿ ಉಳಿಸುತ್ತಾರೆ. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್ ಬೇಕು. ‘ನೆಲ್ಲು’ ತೆಗೆದುಕೊಳ್ಳಿ. ಕಣ್ಣಿಗೆ ಎರಡೇ ಅಕ್ಷರ. ಒಳಗೆ ನ, ಎತ್ವ, ಲ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಇನ್ನೊಂದು ಲ, ಕೊಂಬು, ಹೀಗೆ ಆರು ಚಿಹ್ನೆ. ಅಂದರೆ 18 ಬೈಟ್. ಇಂಗ್ಲಿಷಿನ ‘ಪ್ಯಾಡಿ’ 5 ಬೈಟ್‌ನಲ್ಲಿ ಮುಗಿಯುತ್ತದೆ. ‘ಬಳ್ಳಾರಿ’ 21 ಬೈಟ್, ಅದನ್ನೇ ಇಂಗ್ಲಿಷಿನಲ್ಲಿ ಬರೆದರೆ 7. ಬೇರೆ ದೇಶದವರು ‘ನನ್ನ ಆಪ್‌ನಲ್ಲಿ 10 ಎಂಬಿ ಆರಾಮಾಗಿ ನಡೆಯುತ್ತದೆ’ ಅಂದರೆ ಅವರ 10 ಎಂಬಿ ಬೇರೆ, ನಮ್ಮ 10 ಎಂಬಿ ಬೇರೆ. ನಮ್ಮದರಲ್ಲಿ ಬರಹ ಕಡಿಮೆ, ತೂಕ ಜಾಸ್ತಿ. ಅದರ ಮೇಲೆ ಒತ್ತಕ್ಷರ, ಗುಣಿತ ಜೋಡಿಸಿ ಪರದೆ ಮೇಲೆ ಮೂಡಿಸುವ ಕೆಲಸವೂ ಇದೆ. ಇಂಗ್ಲಿಷ್ ಅಕ್ಷರಕ್ಕೆ ಅಷ್ಟು ಜೋಡಣೆ ಬೇಕಾಗುವುದಿಲ್ಲ.

ಹಂತ 2: ಹತ್ತು ಪಟ್ಟಿನ ಪರೀಕ್ಷೆ

‘ಈ ಸಾಫ್ಟ್‌ವೇರ್ ಎಷ್ಟು ಸಾಲು ತಡೆಯುತ್ತದೆ?’ ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೆ ಒಂದೇ ಸಂಖ್ಯೆಯ ಉತ್ತರ ಇಲ್ಲ. ನಿಮ್ಮ ಯಂತ್ರದಲ್ಲಿ, ನಿಮ್ಮ ಬರಹದ ಮೇಲೆ ನೀವೇ ಅಳೆಯಬೇಕು. ಕಷ್ಟ ಏನಿಲ್ಲ, ಅರ್ಧ ಗಂಟೆ ಸಾಕು.

ನಿಮ್ಮದೇ ಫೈಲ್‌ನಿಂದ 1,000 ಸಾಲಿನ ಒಂದು ತುಂಡು ಮಾಡಿ. ಅದನ್ನೇ ಹತ್ತು ಸಲ ಅಂಟಿಸಿ 10,000 ಸಾಲಿನದು ಮಾಡಿ. ಅದನ್ನು ಹತ್ತು ಸಲ ಅಂಟಿಸಿ 1,00,000ದ್ದು ಮಾಡಿ. ಇದನ್ನು ಸಾದಾ ಎಡಿಟರ್‌ನಲ್ಲಿ ಮಾಡಿ, ಔಟ್‌ಲೈನರ್ ಒಳಗೆ ಬೇಡ. ಈಗ ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಮೂರಕ್ಕೂ ಆರು ಕೆಲಸ ಅಳೆಯಿರಿ: ತೆರೆಯುವುದು, ಮಧ್ಯದಲ್ಲಿ ಒಂದು ಅಕ್ಷರ ಒತ್ತುವುದು, ಒಂದು ಸಾಲು ಜರುಗಿಸುವುದು, ಎಲ್ಲವನ್ನೂ ಬಿಚ್ಚುವುದು, ಒಂದು ಪದ ಹುಡುಕುವುದು, ಉಳಿಸುವುದು.

ಎಷ್ಟು ಸೆಕೆಂಡ್ ಅನ್ನುವುದಕ್ಕಿಂತ ಎಷ್ಟು ಪಟ್ಟು ಅನ್ನುವುದು ಮುಖ್ಯ. ಸಾಲು ಹತ್ತು ಪಟ್ಟಾದಾಗ ಸಮಯವೂ ಸುಮಾರು ಹತ್ತು ಪಟ್ಟಾದರೆ ಅದು ನ್ಯಾಯವಾದ ಏರಿಕೆ. ಮುಂದೆ ಏನಾಗುತ್ತದೆ ಅಂತ ಮೊದಲೇ ಹೇಳಬಹುದು. ನೂರು ಪಟ್ಟಾದರೆ ಆ ಕೆಲಸ ನಿಮ್ಮ ಫೈಲನ್ನು ಒಂದು ದಿನ ನಿಲ್ಲಿಸಿಯೇ ನಿಲ್ಲಿಸುತ್ತದೆ.

ನೂರು ಪಟ್ಟು ಯಾಕಾಗುತ್ತದೆ? ಗೋದಾಮಿನಲ್ಲಿ ಹಮಾಲರು ಚೀಲ ಒಟ್ಟುವುದನ್ನು ನೋಡಿ. ಪ್ರತಿ ಚೀಲ ಇಟ್ಟಾಗ ಹಿಂದಿನ ಎಣಿಕೆಗೆ ಒಂದು ಸೇರಿಸಿದರೆ 1,000 ಚೀಲಕ್ಕೆ 1,000 ಎಣಿಕೆ. ಆದರೆ ಒಬ್ಬ ಹೊಸಬ ಪ್ರತಿ ಚೀಲ ಇಟ್ಟಾಗಲೂ ಮೊದಲಿನಿಂದ ಎಣಿಸುತ್ತಾನೆ ಅನ್ನಿ. 100 ಚೀಲಕ್ಕೆ 5,050 ಎಣಿಕೆ. 1,000 ಚೀಲಕ್ಕೆ 5,00,500. ಚೀಲ ಹತ್ತು ಪಟ್ಟು, ಕೆಲಸ ನೂರು ಪಟ್ಟು. ಕೆಲವು ಔಟ್‌ಲೈನರ್‌ಗಳು ಒಳಗೆ ಮಾಡುವುದು ಇದನ್ನೇ. ಒಂದು ಸಾಲಿನ ಜಾಗ ತಿಳಿಯಲು ಅದರ ಅಣ್ಣತಮ್ಮಂದಿರನ್ನೆಲ್ಲ ಮೊದಲಿನಿಂದ ಮುಟ್ಟಿ ಬರುತ್ತವೆ. 200 ಸಾಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ. 11,000 ಸಾಲಿನ ‘ಇತರೆ’ಯಲ್ಲಿ ಗೊತ್ತಾಗುತ್ತದೆ.

ನನ್ನ ಫೈಲ್‌ನಲ್ಲಿ ಹುಡುಕಾಟ ನ್ಯಾಯವಾಗೇ ಇತ್ತು. ಸಾಲು ಜರುಗಿಸುವುದು, ಎಲ್ಲ ಬಿಚ್ಚುವುದು ಇವೆರಡು ಮೈಮೇಲೆ ಬಂದಿದ್ದವು.

ಹಂತ 3: ಎಲ್ಲಿ ಸಿಕ್ಕಿಕೊಂಡಿದೆ ಅಂತ ಕಣ್ಣಿಂದ ನೋಡಿ

ಸಿಪಿಯು, ಮೆಮೊರಿ, ಡಿಸ್ಕ್ ಬಳಕೆ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ನಿಧಾನವಾಗುವ ಕೆಲಸವನ್ನೇ ಮತ್ತೆ ಮಾಡಿ.

ಇಲ್ಲಿ ನಾನು ಎರಡು ವಾರ ಮೋಸ ಹೋದೆ. ಸಿಪಿಯು ಬಳಕೆ ಬರೀ 13 ಪರ್ಸೆಂಟ್ ತೋರಿಸುತ್ತಿತ್ತು. ‘ಪ್ರೊಸೆಸರ್ ಖಾಲಿ ಕೂತಿದೆ, ರ‍್ಯಾಮ್ ಸಾಲದೇ ಇರಬೇಕು’ ಅಂದುಕೊಂಡೆ. ಕಂಪ್ಯೂಟರ್ ಅಂಗಡಿಯವರೊಬ್ಬರು ಹೌದು ಹೌದು ಅಂತ ತಲೆಯಾಡಿಸಿ ಹೊಸ ರ‍್ಯಾಮ್ ಹಾಕಿಕೊಟ್ಟರು. ಒಂದು ಸೆಕೆಂಡ್ ಕೂಡ ಉಳಿಯಲಿಲ್ಲ. ವಿಷಯ ಏನೆಂದರೆ, ನನ್ನ ಯಂತ್ರದಲ್ಲಿ ಎಂಟು ಲಾಜಿಕಲ್ ಪ್ರೊಸೆಸರ್. ಔಟ್‌ಲೈನರ್‌ಗಳ ಮುಖ್ಯ ಕೆಲಸ ಬಹುಪಾಲು ಒಂದೇ ಎಳೆಯಲ್ಲಿ ನಡೆಯುತ್ತದೆ. ಎಂಟರಲ್ಲಿ ಒಂದು ಪೂರ್ತಿ ದುಡಿದರೆ ಪರದೆ ಮೇಲೆ ಕಾಣುವುದು 12.5 ಪರ್ಸೆಂಟ್. ಒಬ್ಬ ಬೆವರು ಸುರಿಸುತ್ತಿದ್ದ, ಏಳು ಜನ ಬೀಡಿ ಸೇದುತ್ತ ಕೂತಿದ್ದರು. ಹಾಗಾಗಿ 100 ಅನ್ನು ನಿಮ್ಮ ಪ್ರೊಸೆಸರ್ ಸಂಖ್ಯೆಯಿಂದ ಭಾಗಿಸಿ. ಅಷ್ಟಕ್ಕೇ ಸೂಜಿ ಅಂಟಿಕೊಂಡು ನಿಂತಿದ್ದರೆ ರ‍್ಯಾಮ್ ಕೊಳ್ಳಬೇಡಿ.

ಮೆಮೊರಿ ಏರುತ್ತಲೇ ಹೋಗಿ, ಜೊತೆಗೆ ಡಿಸ್ಕ್ 100 ಪರ್ಸೆಂಟ್ ತೋರಿಸಿದರೆ ಆಗ ಮಾತು ಬೇರೆ. ರ‍್ಯಾಮ್ ತುಂಬಿ ಡಿಸ್ಕ್‌ಗೆ ಚೆಲ್ಲುತ್ತಿದೆ ಅಂತ ಅರ್ಥ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಆದರೆ ಎಸ್‌ಎಸ್‌ಡಿ ಹಾಕಿಸುವುದೇ ಒಳ್ಳೆಯದು. ಮೂರೂ ಸುಮ್ನೆ ಇದ್ದು ಕಾಯಿಸುತ್ತಿದ್ದರೆ ಇಂಟರ್ನೆಟ್ ನೋಡಿ, ಸಿಂಕ್ ಆಗುತ್ತಿರಬಹುದು.

ಹಂತ 4: ಆಪ್‌ಗೆ ತಕ್ಕ ಮದ್ದು

ಬ್ರೌಸರ್ ತಳಿ. ವರ್ಕ್‌ಫ್ಲೋಯಿ, ಡೈನಾಲಿಸ್ಟ್, ಲಾಗ್‌ಸೆಕ್, ರೋಮ್ ಇವೆಲ್ಲ ಬ್ರೌಸರ್‌ನಲ್ಲಿ ಅಥವಾ ಬ್ರೌಸರನ್ನೇ ಹೊಟ್ಟೆಯೊಳಗೆ ಇಟ್ಟುಕೊಂಡ ಆಪ್‌ನಲ್ಲಿ ಓಡುತ್ತವೆ. ಇಲ್ಲಿ ದುಬಾರಿಯಾದದ್ದು ಬರಹ ಅಲ್ಲ, ತೋರಿಸುವುದು. ಒಂದು ಬುಲೆಟ್ ಸಾಲು ತೋರಿಸಲು ಚುಕ್ಕಿಗೊಂದು, ಬಾಣಕ್ಕೊಂದು, ಬರಹಕ್ಕೊಂದು ಅಂತ ಪುಟದಲ್ಲಿ ಹಲವು ತುಣುಕು ಹುಟ್ಟುತ್ತವೆ. ಮಡಚಿಟ್ಟ ಸಾಲಿಗೆ ಸಾಮಾನ್ಯವಾಗಿ ಈ ಖರ್ಚು ಇಲ್ಲ. ಆದ್ದರಿಂದ ‘ಎಲ್ಲ ಬಿಚ್ಚು’ ಬಟನ್ ಮರೆತುಬಿಡಿ. ಬೇಕಾದ ಊರಿನ ಚುಕ್ಕಿ ಒತ್ತಿ ಒಳಗೆ ಹೋಗಿ, ಅಷ್ಟನ್ನೇ ನೋಡಿ. ಮುಚ್ಚುವಾಗ ಮಡಚಿಯೇ ಮುಚ್ಚಿ, ಯಾಕೆಂದರೆ ಬಿಚ್ಚಿದ ಸ್ಥಿತಿ ನೆನಪಿಟ್ಟುಕೊಳ್ಳುವ ಆಪ್ ಮುಂದಿನ ಸಲ ಹಾಗೇ ತೆರೆಯಲು ಹೋಗುತ್ತದೆ. ನನ್ನ ಬೆಳ್ಳಗಿನ ಪರದೆಗೆ ಅರ್ಧ ಕಾರಣ ಇದೇ ಆಗಿತ್ತು.

ಲಾಗ್‌ಸೆಕ್‌ನ ಫೈಲ್ ಆವೃತ್ತಿ ಇನ್ನೊಂದು ಕೆಲಸ ಮಾಡುತ್ತದೆ. ಬರಹ ಸಣ್ಣ ಸಣ್ಣ ಫೈಲ್‌ಗಳಲ್ಲೇ ಇದ್ದರೂ ಎಲ್ಲವನ್ನೂ ಓದಿ ಮೆಮೊರಿಯಲ್ಲಿ ಒಂದು ಡೇಟಾಬೇಸ್ ಕಟ್ಟಿಕೊಳ್ಳುತ್ತದೆ. ಪುಟ ಒಡೆದ ಮಾತ್ರಕ್ಕೆ ಅಲ್ಲಿ ಹಗುರ ಆಗುವುದಿಲ್ಲ. ಹಳೆಯದನ್ನು ಬೇರೆ ಗ್ರಾಫ್‌ಗೇ, ಅಂದರೆ ಬೇರೆ ಟಿಪ್ಪಣಿ ಸಂಗ್ರಹಕ್ಕೇ, ಸರಿಸಬೇಕು. ಇಂಥ ಆಪ್‌ಗಳ ಒಳಗಿನ ಜಾವಾಸ್ಕ್ರಿಪ್ಟ್ ಯಂತ್ರದಲ್ಲಿ ನಮಗೆ ಇನ್ನೊಂದು ಸಣ್ಣ ದಂಡವೂ ಇದೆ. ಕ್ರೋಮ್‌ನ ವಿ8 ಯಂತ್ರ ಬರೀ ಇಂಗ್ಲಿಷ್ ಇರುವ ಸಾಲಿಗೆ ಅಕ್ಷರಕ್ಕೆ 1 ಬೈಟ್‌ನಂತೆ ಇಡುತ್ತದೆ. ಅದರಲ್ಲಿ ಒಂದೇ ಒಂದು ಕನ್ನಡ ಅಕ್ಷರ ಸೇರಿದರೂ ಇಡೀ ಸಾಲು 2 ಬೈಟ್ ಲೆಕ್ಕಕ್ಕೆ ಹೋಗುತ್ತದೆ. ಇದಕ್ಕಾಗಿ ಕನ್ನಡ ಬಿಡಬೇಕಿಲ್ಲ, ಗೊತ್ತಿರಲಿ ಅಂತ ಹೇಳಿದೆ.

ಇಮ್ಯಾಕ್ಸ್ ಆರ್ಗ್ ಮೋಡ್. ಇಮ್ಯಾಕ್ಸ್ ಅನ್ನುವ ಎಡಿಟರ್ ಒಳಗಿನ ಔಟ್‌ಲೈನರ್ ಇದು. ಇದನ್ನು ಬಳಸುವವರಿಗೆ ಮೊದಲ ಸಲಹೆ ಒಂದೇ, ಹಳೆಯ ಆವೃತ್ತಿ ಬಿಡಿ. 2023ರಲ್ಲಿ ಬಂದ ಇಮ್ಯಾಕ್ಸ್ 29ರಲ್ಲಿ ಓವರ್‌ಲೇ ಅನ್ನುವ ಒಳಗಿನ ಪದರವನ್ನು ಪೂರ್ತಿ ಹೊಸದಾಗಿ ಬರೆದರು. ಉದ್ದನೆಯ ಸಾಲುಗಳನ್ನು ನಿಭಾಯಿಸುವುದೂ ಸುಧಾರಿಸಿತು. ಅದರ ಜೊತೆ ಬಂದ ಆರ್ಗ್ 9.6, ಸಾಲು ಮಡಚುವ ರೀತಿಯನ್ನೇ ಬದಲಿಸಿತು. ಸಾವಿರಾರು ಮಡಿಕೆ ಇರುವ ಫೈಲ್‌ನಲ್ಲಿ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ.

ಆಮೇಲೆ ಸೆಟ್ಟಿಂಗ್‌ಗಳು. ಬಳಸಿ ಬಿಟ್ಟ ಮೆಮೊರಿಯ ಕಸ ಗುಡಿಸುವ ಮಿತಿ, ಅಂದರೆ ಜಿಸಿ-ಕಾನ್ಸ್-ಥ್ರೆಶೋಲ್ಡ್, ಮೊದಲಿಗೆ 8,00,000 ಬೈಟ್ ಇರುತ್ತದೆ. ದೊಡ್ಡ ಫೈಲ್ ತೆರೆಯುವಾಗ ಇದು ಪದೇ ಪದೇ ತುಂಬಿ ಕೆಲಸ ನಿಲ್ಲಿಸುತ್ತದೆ. ತೆರೆಯುವ ಹೊತ್ತಿಗೆ ಮಾತ್ರ ಏರಿಸಿ, ಆಮೇಲೆ ಇಳಿಸಿ. ಏರಿಸಿಯೇ ಬಿಟ್ಟರೆ ಗುಡಿಸುವುದು ಅಪರೂಪ ಆದರೂ ಗುಡಿಸುವಾಗ ಜಾಸ್ತಿ ಹೊತ್ತು ತಡೆಯುತ್ತದೆ. ಇಂಡೆಂಟ್ ಮೋಡ್ ಆಫ್ ಮಾಡಿ. ಫೈಲ್ ತಲೆಯಲ್ಲಿ ಸ್ಟಾರ್ಟಪ್ ಓವರ್‌ವ್ಯೂ ಸಾಲು ಹಾಕಿ. ಅಜೆಂಡಾ ಪಟ್ಟಿಯಿಂದ ಹಳೆಯ ಫೈಲ್‌ಗಳನ್ನು ತೆಗೆಯಿರಿ, ಅದು ಪಟ್ಟಿಯಲ್ಲಿರುವ ಪ್ರತಿ ಫೈಲನ್ನೂ ತೆರೆದು ನೋಡುತ್ತದೆ. ಇಷ್ಟಾದರೂ ನಿಧಾನ ಅನಿಸಿದರೆ ಇಮ್ಯಾಕ್ಸ್ ಒಳಗೇ ಪ್ರೊಫೈಲರ್ ಇದೆ. ಯಾವ ಕೆಲಸ ಎಷ್ಟು ಹೊತ್ತು ತಿಂದಿತು ಅಂತ ಅದೇ ಹೇಳುತ್ತದೆ, ಊಹೆ ಬೇಡ. ಅಂದ ಹಾಗೆ 10 ಎಂಬಿ ದಾಟಿದ ಫೈಲ್ ತೆರೆಯುವ ಮುನ್ನ ಇಮ್ಯಾಕ್ಸ್ ‘ದೊಡ್ಡ ಫೈಲ್, ತೆರೆಯಲಾ?’ ಅಂತ ಕೇಳುತ್ತದೆ. ಪೂರ್ತಿ ಕನ್ನಡ ಬರಹ ಆದರೆ ಇಂಗ್ಲಿಷ್‌ನವರ ಮೂರನೇ ಒಂದು ಭಾಗ ಬರೆದಾಗಲೇ ಆ ಪ್ರಶ್ನೆ ಬರುತ್ತದೆ.

ವರ್ಡ್, ಗೂಗಲ್ ಡಾಕ್ಸ್. ವರ್ಡ್‌ನ ಔಟ್‌ಲೈನ್ ನೋಟದಲ್ಲಿ ತಲೆಬರಹಕ್ಕೆ 9 ಮಟ್ಟ ಅಷ್ಟೇ. ಗೂಗಲ್ ಡಾಕ್ಸ್ ಒಂದು ಕಡತಕ್ಕೆ 10.2 ಲಕ್ಷ ಅಕ್ಷರಗಳ ಮಿತಿ ಇಟ್ಟಿದೆ. ಪುಸ್ತಕ ಬರೆಯಲು ಸರಿ. ಲಕ್ಷ ಸಾಲಿನ ಟಿಪ್ಪಣಿಗೆ ಇವು ಆಗುವ ಮಾತಲ್ಲ.

ಯಾವ ಆಪ್ ಆದರೂ ಸರಿ, ಕಾಗುಣಿತ ಪರೀಕ್ಷೆ ಆಫ್ ಮಾಡಿ ನೋಡಿ. ಕನ್ನಡ ನಿಘಂಟು ಇಲ್ಲದೆ ಇಂಗ್ಲಿಷ್ ಪರೀಕ್ಷೆ ಓಡುತ್ತಿದ್ದರೆ ಪ್ರತಿ ಪದದ ಕೆಳಗೂ ಕೆಂಪು ಗೆರೆ. ಆ ಗೆರೆ ಎಳೆಯುವುದೂ ಕೆಲಸವೇ ಅಲ್ವಾ? ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಿ. ತೂಕದ ಚೀಟಿಯ ಫೋಟೋಗಳನ್ನು ಔಟ್‌ಲೈನ್ ಒಳಗೆ ಅಂಟಿಸಬೇಡಿ. ಬೇರೆ ಫೋಲ್ಡರ್‌ನಲ್ಲಿಟ್ಟು ಹೆಸರು ಮಾತ್ರ ಬರೆಯಿರಿ.

ಹಂತ 5: ಅಕ್ಷರ ಶುಚಿ, ಒಡೆಯುವ ಮುಂಚೆ

ಇದನ್ನು ನಾನು ಕೊನೆಗೆ ಮಾಡಿ ಕೆಟ್ಟೆ. ನೀವು ಈಗಲೇ ಮಾಡಿ.

‘ಕೊಪ್ಪಳ’ ಅಂತ ಹುಡುಕಿದಾಗ ಕಣ್ಣೆದುರೇ ಇರುವ ‘ಕೊಪ್ಪಳ’ ಸಿಗದೇ ಇರಬಹುದು. ಯಾಕೆಂದರೆ ಒತ್ವವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಇಡಬಹುದು. ಒಂದೇ ಚಿಹ್ನೆಯಾಗಿ, ಅಥವಾ ಎತ್ವದ ಚಿಹ್ನೆ ಮತ್ತು ಊತ್ವದ ಚಿಹ್ನೆ ಅಕ್ಕಪಕ್ಕ. ಮೊದಲನೆಯದರಲ್ಲಿ ‘ಕೊಪ್ಪಳ’ ಆರು ಚಿಹ್ನೆ, ಎರಡನೆಯದರಲ್ಲಿ ಏಳು. ಪರದೆ ಮೇಲೆ ಎರಡೂ ಒಂದೇ. ಬೈಟ್ ಹೋಲಿಸುವ ಹುಡುಕಾಟಕ್ಕೆ ಎರಡು ಬೇರೆ ಬೇರೆ ಪದ. ಓತ್ವ, ಏತ್ವ, ಈತ್ವ, ಐತ್ವಗಳಿಗೂ ಇದೇ ಕಥೆ.

ಪೈಥಾನ್ ಗೊತ್ತಿದ್ದರೆ ಎನ್‌ಎಫ್‌ಸಿ ಅನ್ನುವ, ಜೋಡಿ ಚಿಹ್ನೆಗಳನ್ನು ಒಂದಾಗಿಸಿದ ರೂಪಕ್ಕೆ ತರಲು ಒಂದು ಸಾಲು ಸಾಕು. ಗೊತ್ತಿಲ್ಲದಿದ್ದರೆ ಎಡಿಟರ್‌ನ ಹುಡುಕು-ಬದಲಿಸು ಬಳಸಿ. ಮೊದಲು ಎತ್ವ ಮತ್ತು ಊತ್ವದ ಜೋಡಿಯನ್ನು ಒತ್ವ ಮಾಡಿ. ಆಮೇಲೆ ಒತ್ವ ಮತ್ತು ದೀರ್ಘದ ಜೋಡಿಯನ್ನು ಓತ್ವ ಮಾಡಿ. ಇದೇ ಕ್ರಮ ಇರಲಿ, ಹಿಂದುಮುಂದಾದರೆ ಕೆಲವು ಓತ್ವ ಉಳಿದುಬಿಡುತ್ತವೆ.

ಇನ್ನೊಂದು ಕಾಣದ ಕಳ್ಳ ಇದ್ದಾನೆ. ‘ಲಾಟ್’ ಪದದ ಕೊನೆಗೆ ಕೆಲವು ಕೀಬೋರ್ಡ್‌ಗಳು ಅಕ್ಷರ ಕೂಡದಂತೆ ತಡೆಯುವ ಶೂನ್ಯ ಅಗಲದ ಒಂದು ಚಿಹ್ನೆ ಸೇರಿಸುತ್ತವೆ. ಮುಂದೆ ಖಾಲಿ ಜಾಗವೇ ಇದ್ದರೆ ಅದರ ಅವಶ್ಯಕತೆಯೇ ಇಲ್ಲ, ಆದರೂ ಅಲ್ಲಿ ಕೂತು ಹುಡುಕಾಟ ಕೆಡಿಸುತ್ತದೆ. ಖಾಲಿ ಜಾಗದ ಮುಂಚೆ ಮತ್ತು ಸಾಲಿನ ಕೊನೆಗೆ ಇರುವುದನ್ನು ಮಾತ್ರ ಅಳಿಸಿ. ಪದದ ಮಧ್ಯದಲ್ಲಿರುವುದನ್ನು ಅಳಿಸಿದರೆ ‘ಸಾಫ್ಟ್‌ವೇರ್’ ಹೋಗಿ ಒತ್ತಕ್ಷರದ ಗಂಟಾಗುತ್ತದೆ.

ಡಿಟಿಪಿ ಅಂಗಡಿಯಿಂದ ಬಂದ ಹಳೆಯ ನುಡಿ ಆಸ್ಕಿ ಬರಹ ಇದ್ದರೆ ಅದನ್ನೂ ಈಗಲೇ ಯೂನಿಕೋಡ್‌ಗೆ ತನ್ನಿ. ಅರ್ಕಾವತ್ತು ಇರುವ ಹತ್ತು ಪದ ಆರಿಸಿ ಕಣ್ಣಾರೆ ನೋಡಿ.

ಹಂತ 6: ಹೊಟ್ಟೆ ದೊಡ್ಡದಾದ ತಲೆಸಾಲನ್ನು ಕರಗಿಸಿ

ಫೈಲ್ ಒಡೆಯುವ ಮುಂಚೆ ಇದನ್ನು ಮಾಡಿದರೆ ಕೆಲವರಿಗೆ ಒಡೆಯುವ ಅಗತ್ಯವೇ ಬೀಳುವುದಿಲ್ಲ. ಒಂದು ತಲೆಸಾಲಿನ ಕೆಳಗೆ ಕೆಲವು ನೂರಕ್ಕಿಂತ ಜಾಸ್ತಿ ಸಾಲು ಇರದಂತೆ ನೋಡಿಕೊಳ್ಳಿ. ಈ ಸಂಖ್ಯೆ ನನ್ನ ಅಂದಾಜು, ನಿಮ್ಮ ಹತ್ತು ಪಟ್ಟಿನ ಪರೀಕ್ಷೆಯಿಂದ ನಿಮ್ಮದನ್ನು ಹುಡುಕಿಕೊಳ್ಳಿ. ನನ್ನ ‘ಇತರೆ’ಯನ್ನು ವರ್ಷಕ್ಕೆ, ಆಮೇಲೆ ತಿಂಗಳಿಗೆ ಹಂಚಿದೆ. ತಿಂಗಳಿಗೆ ನೂರು ಚಿಲ್ಲರೆ ಸಾಲು ಬಂತು. ಅಷ್ಟಕ್ಕೇ ಸಾಲು ಜರುಗಿಸುವಾಗಿನ ತಡೆ ಹೋಯಿತು. ಸಾಲುಗಳ ಒಟ್ಟು ಸಂಖ್ಯೆ ಅಷ್ಟೇ ಇತ್ತು ಅನ್ನುವುದನ್ನು ಗಮನಿಸಿ.

ಕಾಲುವೆ ನೋಡಿದವರಿಗೆ ಇದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೇರವಾಗಿ ಪ್ರತಿ ಹೊಲಕ್ಕೂ ತೂಬು ಕೊರೆದರೆ ನಡೆಯುತ್ತದೆಯೇ? ಉಪಕಾಲುವೆ ಬೇಕು, ಅದರಿಂದ ಹೊಲಗಾಲುವೆ ಬೇಕು.

ಹಂತ 7: ಫೈಲ್ ಒಡೆಯುವುದು

ಎಲ್ಲಿ ಒಡೆಯಬೇಕು? ನಿಮ್ಮ ಕೆಲಸ ಸಹಜವಾಗಿ ಎಲ್ಲಿ ನಿಲ್ಲುತ್ತದೋ ಅಲ್ಲಿ. ನಮಗೆ ಹಂಗಾಮು. ಮುಂಗಾರಿನದು ಒಂದು ಫೈಲ್, ಕಾಲುವೆಗೆ ನೀರು ಬಿಟ್ಟ ವರ್ಷ ಬೇಸಿಗೆ ಬೆಳೆಯದು ಇನ್ನೊಂದು. ಊರಿನ ಪ್ರಕಾರ ಒಡೆಯಲು ನಾನು ಮೊದಲು ಹೋಗಿದ್ದೆ. ಅದು ತಪ್ಪು. ಊರಿನ ಫೈಲ್ ಯಾವತ್ತೂ ಮುಚ್ಚುವುದಿಲ್ಲ, ಬೆಳೆಯುತ್ತಲೇ ಇರುತ್ತದೆ. ಹಂಗಾಮಿನ ಫೈಲ್‌ಗೆ ಕೊನೆ ಇದೆ.

ಒಡೆಯುವಾಗ ಕಾಪಿ-ಪೇಸ್ಟ್ ಬೇಡವೇ ಬೇಡ. ನಾನು ಬ್ರೌಸರ್‌ನಲ್ಲಿ ಒಂದು ಇಡೀ ಹಂಗಾಮು ಆರಿಸಿ, ಕತ್ತರಿಸಿ, ಇನ್ನೊಂದು ಕಡೆ ಅಂಟಿಸಿದೆ. ಕಣ್ಣಿಗೆ ಎಲ್ಲ ಬಂದಂತೆ ಕಂಡಿತು. ಮೂರು ವಾರ ಆದಮೇಲೆ ಲೆಕ್ಕ ತಾಳೆ ಆಗಲಿಲ್ಲ. 212 ಸಾಲು ಎಲ್ಲೋ ಉದುರಿದ್ದವು. ಹಂತ 1ರ ಪೆನ್‌ಡ್ರೈವ್ ಕಾಪಿ ಇಲ್ಲದಿದ್ದರೆ ಆ ದುಡ್ಡು ನನ್ನ ಜೇಬಿನಿಂದಲೇ ಹೋಗುತ್ತಿತ್ತು. ಎಕ್ಸ್‌ಪೋರ್ಟ್ ಮಾಡಿದ ಫೈಲನ್ನು ಸಾದಾ ಎಡಿಟರ್‌ನಲ್ಲಿ ತೆರೆದು ಅಲ್ಲಿಯೇ ತುಂಡು ಮಾಡಿ, ಪ್ರತಿ ತುಂಡನ್ನೂ ಹೊಸದಾಗಿ ಇಂಪೋರ್ಟ್ ಮಾಡಿ. ಆರ್ಗ್ ಮೋಡ್‌ನಲ್ಲಿ ಆರ್ಕೈವ್ ಅನ್ನುವ ಆಜ್ಞೆ ಒಂದು ಕೊಂಬೆಯನ್ನು ಬೇರೆ ಫೈಲ್‌ಗೆ ತಾನೇ ಸಾಗಿಸುತ್ತದೆ.

ಆಮೇಲೆ ಎರಡು ತಾಳೆ ನೋಡಿ. ತುಂಡುಗಳ ಸಾಲು ಕೂಡಿಸಿದರೆ ಮೂಲದಷ್ಟೇ ಬರಬೇಕು. ಜೊತೆಗೆ ಬರಹದೊಳಗಿನ ಒಂದು ಮೊತ್ತವೂ ಕೂಡಬೇಕು. ನಮ್ಮಲ್ಲಿ ನೆಲ್ಲು 75 ಕಿಲೋ ಚೀಲದ ಲೆಕ್ಕ. ಒಟ್ಟು ಚೀಲ ಎಷ್ಟು ಅಂತ ಮೂಲದಲ್ಲೂ ತುಂಡುಗಳಲ್ಲೂ ಕೂಡಿಸಿ ಹೋಲಿಸಿದೆ. ಸಾಲಿನ ಎಣಿಕೆ ಒಂದನ್ನೇ ನಂಬಬೇಡಿ. ಎರಡು ಸಾಲು ಉದುರಿ ಎರಡು ಖಾಲಿ ಸಾಲು ಸೇರಿಕೊಂಡರೂ ಎಣಿಕೆ ಸರಿಯಾಗೇ ಇರುತ್ತದೆ.

ಒಂದು ಸಾಲಿನಿಂದ ಇನ್ನೊಂದಕ್ಕೆ ಕೊಟ್ಟ ಲಿಂಕ್‌ಗಳು ಫೈಲ್ ದಾಟಿದಾಗ ಮುರಿಯುವ ಸಾಧ್ಯತೆ ಜಾಸ್ತಿ. ಅದಕ್ಕೆ ಚಿಕ್ಕದೊಂದು ಸೂಚಿ ಫೈಲ್ ಇಡಿ. ರೈತರ ಹೆಸರು, ಯಾವ ಯಾವ ಹಂಗಾಮಿನ ಫೈಲ್‌ನಲ್ಲಿ ಇದ್ದಾರೆ, ಅಷ್ಟೇ. ಎಲ್ಲ ಫೈಲ್‌ಗಳಲ್ಲಿ ಒಟ್ಟಿಗೆ ಹುಡುಕಲು ರಿಪ್‌ಗ್ರೆಪ್ ಅನ್ನುವ ಹುಡುಕಾಟದ ಸಾಧನ ಬಳಸಿ. ಔಟ್‌ಲೈನರ್ ಚಹಾ ಕುಡಿಸಿದ ಹುಡುಕಾಟವನ್ನು ಅದು ಸಾದಾ ಪಠ್ಯದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸಿತು.

ಹಂತ 8: ಯಾವುದು ಔಟ್‌ಲೈನ್‌ನಲ್ಲಿ ಇರಲೇಬಾರದು

1983ರಲ್ಲಿ ಡೇವ್ ವೈನರ್ ಥಿಂಕ್‌ಟ್ಯಾಂಕ್ ಅನ್ನುವ ಔಟ್‌ಲೈನರ್ ತಂದರು. ಹೆಸರಿನಲ್ಲೇ ಇದೆ, ಯೋಚನೆಯ ತೊಟ್ಟಿ. ನಾವು ಅದಕ್ಕೆ ಗೋದಾಮಿನ ಕೆಲಸ ಕೊಡುತ್ತೇವೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಕೊಚ್ಚಿಹೋಯಿತು. ಆ ವಾರ ನಾನು ಔಟ್‌ಲೈನ್‌ನಲ್ಲಿ ಬರೆದದ್ದು ಹೀಗಿತ್ತು: ನೀರು ಉಳಿದರೆ ಏನು, ಉಳಿಯದಿದ್ದರೆ ಏನು, ಯಾರು ನಾಟಿ ಮುಗಿಸಿದ್ದಾರೆ, ಯಾರ ಸಸಿಮಡಿ ಇನ್ನೂ ಇದೆ, ಯಾರ ಮುಂಗಡ ತಡೆಹಿಡಿಯಬೇಕು, ಯಾರಿಗೆ ಹಾಗೆ ಮಾಡಲು ಮನಸ್ಸು ಬರುವುದಿಲ್ಲ. ದಿನಕ್ಕೆ ಮೂರು ಸಲ ಸಾಲು ಮೇಲೆ ಕೆಳಗೆ ಮಾಡಿದೆ. ಅದು ಔಟ್‌ಲೈನರ್ ಕೆಲಸ. ಲಾಟು ನಂಬರ್, ತೇವಾಂಶ, ಚೀಲ, ದರ ಇವು ಒಮ್ಮೆ ಬರೆದರೆ ಮತ್ತೆ ಜರುಗುವುದೇ ಇಲ್ಲ. ಅವಕ್ಕೆ ಕೋಷ್ಟಕ ಸಾಕು. ನನ್ನ 1,80,000ದಲ್ಲಿ ಬಹುಪಾಲು ಇಂಥವೇ ಆಗಿದ್ದವು.

ಲಕ್ಷದೊಳಗೆ ಇದ್ದರೆ ಎಕ್ಸೆಲ್ ಅಥವಾ ಲಿಬ್ರೆಆಫೀಸ್ ಕ್ಯಾಲ್ಕ್ ಹಾಳೆ ಸಾಕು. ಎಕ್ಸೆಲ್ ಹಾಳೆಗೆ 10,48,576 ಸಾಲಿನ ಮಿತಿ. ಇನ್ನೂ ಬೆಳೆಯುತ್ತದೆ ಅಂತ ಗೊತ್ತಿದ್ದರೆ ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್‌ಗೆ ಹೋಗಿ. ಅದು ಪುಕ್ಕಟೆ, ಎಲ್ಲ ಒಂದೇ ಫೈಲ್‌ನಲ್ಲಿ, ಸರ್ವರ್ ಬೇಡ. ಪ್ರೋಗ್ರಾಮಿಂಗ್ ಬಾರದವರಿಗೆ ಡಿಬಿ ಬ್ರೌಸರ್ ಫಾರ್ ಎಸ್‌ಕ್ಯೂಲೈಟ್ ಅನ್ನುವ ಕಿಟಕಿ ಇದೆ. ಸಿಎಸ್‌ವಿ ಫೈಲ್, ಅಂದರೆ ಸಾದಾ ಪಠ್ಯವಾಗಿ ಉಳಿಸಿದ ಕೋಷ್ಟಕ, ಅದರೊಳಗೆ ನೇರ ಎಳೆದುಕೊಳ್ಳಬಹುದು.

ಮರದ ಆಕಾರ ಉಳಿಸಿಕೊಳ್ಳಬೇಕೆಂದರೆ ನಾಲ್ಕು ಕಾಲಂ ಸಾಕು: ಸಾಲಿನ ನಂಬರ್, ತಾಯಿ ಸಾಲಿನ ನಂಬರ್, ಅಣ್ಣತಮ್ಮಂದಿರಲ್ಲಿ ಎಷ್ಟನೆಯದು, ಬರಹ. ತಾಯಿ ನಂಬರ್ ಮೇಲೆ ಇಂಡೆಕ್ಸ್ ಕಟ್ಟುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಮಕ್ಕಳನ್ನು ಹುಡುಕಲು ಪ್ರತಿ ಸಲ ಇಡೀ ಕೋಷ್ಟಕ ಓದುತ್ತದೆ. ಮತ್ತೆ ಅದೇ ಹೊಸ ಹಮಾಲನ ಎಣಿಕೆ. ಸ್ಕ್ರಿಪ್ಟ್‌ನಿಂದ ತುಂಬುವವರು ಎಲ್ಲ ಸಾಲುಗಳನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಒಂದೇ ಕಂತಿನಲ್ಲಿ, ತುಂಬಿ. ಸಾಲಿಗೊಂದು ಟ್ರಾನ್ಸಾಕ್ಷನ್ ಆದರೆ ಪ್ರತಿ ಸಾಲಿಗೂ ಡಿಸ್ಕ್ ‘ಬರೆದೆ’ ಅನ್ನುವವರೆಗೆ ಕಾಯುತ್ತದೆ. ತಿರುಗುವ ಡಿಸ್ಕ್‌ನಲ್ಲಿ ಸೆಕೆಂಡಿಗೆ ಕೆಲವು ಡಜನ್ ದಾಟುವುದಿಲ್ಲ.

ಪದ ಹುಡುಕಲು ಎಸ್‌ಕ್ಯೂಲೈಟ್‌ನಲ್ಲಿ ಎಫ್‌ಟಿಎಸ್5 ಅನ್ನುವ ಹುಡುಕಾಟದ ಭಾಗ ಇದೆ. ಇಲ್ಲಿ ಕನ್ನಡದವರು ಬೀಳುವ ಒಂದು ಗುಂಡಿ ಇದೆ, ನಾನೂ ಬಿದ್ದೆ. ‘ನೆಲ್ಲು’ ಅಂತ ಹುಡುಕಿದರೆ ‘ಲಾರಿ ನಿಲ್ಲಿಸಿದೆ’ ಅನ್ನುವ ಸಾಲು ಬಂತು! ಕಾರಣ ಇದು. ಅದು ಮೊದಲಿಗೆ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಅಂತ ಎಣಿಸುತ್ತದೆ. ನಮ್ಮ ಗುಣಿತ ಚಿಹ್ನೆ, ಒತ್ತಕ್ಷರ ಕೂಡಿಸುವ ವಿರಾಮ ಯೂನಿಕೋಡ್ ಲೆಕ್ಕದಲ್ಲಿ ‘ಗುರುತು’ ಜಾತಿಗೆ ಸೇರುತ್ತವೆ. ಹಾಗಾಗಿ ಅವನ್ನು ಅಲ್ಪವಿರಾಮದಂತೆ ನೋಡಿ ಪದವನ್ನು ಅಲ್ಲೇ ಕಡಿಯುತ್ತದೆ. ‘ನೆಲ್ಲು’ ಒಡೆದು ನ, ಲ, ಲ ಆಯಿತು. ‘ನಿಲ್ಲಿಸಿದೆ’ಯ ಮೊದಲ ಮೂರು ಚೂರೂ ಅವೇ. ಮದ್ದು ಸರಳ. ಕೋಷ್ಟಕ ಮಾಡುವಾಗ ಪದ ಕಡಿಯುವ ಯೂನಿಕೋಡ್61 ಟೋಕನೈಸರ್‌ನ ಕೆಟಗರಿ ಪಟ್ಟಿಗೆ ಎಂ-ಎನ್ ಮತ್ತು ಎಂ-ಸಿ ಎರಡನ್ನೂ ಸೇರಿಸಿ. ಎರಡೂ ಬೇಕು. ಎತ್ವ ಒಂದು ಜಾತಿ, ಕೊಂಬು ಇನ್ನೊಂದು.

ವಿಭಕ್ತಿಗಾಗಿ ಪದದ ಮೊದಲ ಭಾಗ ಕೊಟ್ಟು ಮುಂದೆ ನಕ್ಷತ್ರ ಚಿಹ್ನೆ ಹಾಕಿ. ‘ನೆಲ್ಲ’ದ ಮುಂದೆ ನಕ್ಷತ್ರ ಇಟ್ಟರೆ ನೆಲ್ಲು, ನೆಲ್ಲಿನ, ನೆಲ್ಲಿಗೆ ಎಲ್ಲ ಬರುತ್ತವೆ. ನೆಲ್ಲಿಕಾಯಿಯೂ ಬರುತ್ತದೆ. ಇರಲಿ ಬಿಡಿ.

ಹಂತ 9: ಉಳಿಸುವುದು, ಸಿಂಕ್, ಕರೆಂಟು

ಒಂದೇ ಫೈಲ್‌ನ ಔಟ್‌ಲೈನರ್ ಒಂದು ಅಕ್ಷರ ಬದಲಾದರೂ ಸಾಮಾನ್ಯವಾಗಿ ಇಡೀ ಫೈಲನ್ನೇ ಮತ್ತೆ ಬರೆಯುತ್ತದೆ. 16 ಎಂಬಿ ಫೈಲ್ ದಿನಕ್ಕೆ 200 ಸಲ ಉಳಿದರೆ 3,200 ಎಂಬಿ. ಬದಲಾದ ತುಂಡನ್ನಷ್ಟೇ ಕಳಿಸುವ ಸಿಂಕ್ ಸೇವೆಗಳೂ ಇವೆ. ನಿಮ್ಮದು ಇಡೀ ಫೈಲ್ ಕಳಿಸುವ ತಳಿಯಾದರೆ ಮೊಬೈಲ್ ಹಾಟ್‌ಸ್ಪಾಟ್ ಡೇಟಾ ಮಧ್ಯಾಹ್ನಕ್ಕೇ ಖಾಲಿ. ಸ್ವಯಂ ಉಳಿಕೆಯ ಅಂತರ ಹೆಚ್ಚಿಸಿ. ಮುಗಿದ ಹಂಗಾಮಿನ ಫೈಲ್‌ಗಳನ್ನು ಓದಲಷ್ಟೇ ಅಂತ ಗುರುತಿಸಿಡಿ.

ಬರೆಯುವ ಮಧ್ಯದಲ್ಲಿ ಕರೆಂಟ್ ಹೋದರೆ ಅರ್ಧ ಫೈಲ್ ಉಳಿಯಬಹುದು. ಒಳ್ಳೆಯ ಸಾಫ್ಟ್‌ವೇರ್ ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸುತ್ತದೆ. ನಿಮ್ಮದು ಹಾಗೆ ಮಾಡುತ್ತದೆಯೇ ಅಂತ ನೋಡಲು, ಉಳಿಸುವಾಗ ಫೋಲ್ಡರ್ ತೆರೆದಿಟ್ಟುಕೊಳ್ಳಿ. ಕ್ಷಣ ಹೊತ್ತು ಇನ್ನೊಂದು ಫೈಲ್ ಕಾಣಿಸಿಕೊಂಡು ಮಾಯವಾದರೆ ಹೆಚ್ಚಾಗಿ ಸರಿ ಇದೆ ಅಂತ ಅರ್ಥ. ಚಿಕ್ಕ ಯುಪಿಎಸ್ ಅಂತೂ ಬೇಕೇ ಬೇಕು.

ಮೊಬೈಲ್‌ಗೆ ದೊಡ್ಡ ಫೈಲ್ ಒಯ್ಯಬೇಡಿ. ಲ್ಯಾಪ್‌ಟಾಪ್ ತಡೆದದ್ದನ್ನು ಫೋನ್ ತಡೆಯುವುದಿಲ್ಲ. ಆಪ್ ಹಿನ್ನೆಲೆಗೆ ಹೋದ ತಕ್ಷಣ ಫೋನ್ ಅದನ್ನು ಮುಚ್ಚಿಬಿಡಬಹುದು, ಸಿಂಕ್ ಅರ್ಧಕ್ಕೆ ನಿಲ್ಲುತ್ತದೆ. ಆಮೇಲೆ ಎರಡೆರಡು ಪ್ರತಿ, ಯಾವುದು ಸರಿ ಅಂತ ತಲೆಬಿಸಿ. ನನ್ನ ಫೋನಿನಲ್ಲಿ ‘ಇವತ್ತು’ ಅನ್ನುವ ಒಂದು ಖಾಲಿ ಔಟ್‌ಲೈನ್ ಮಾತ್ರ ಇದೆ. ಹೊಲದಲ್ಲಿ, ತೂಕದ ಕಾಟಾದ ಹತ್ತಿರ ನಿಂತು ಅದರಲ್ಲಿ ಬರೆಯುತ್ತೇನೆ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಲಾಟಿನ ಸಾಲುಗಳು ಕೋಷ್ಟಕಕ್ಕೆ, ಉಳಿದದ್ದು ಹಂಗಾಮಿನ ಫೈಲ್‌ಗೆ. ಹತ್ತು ನಿಮಿಷದ ಕೆಲಸ. ಸುಗ್ಗಿ ಜೋರಿದ್ದಾಗ ಎರಡು ಮೂರು ದಿನ ಬಾಕಿ ಬೀಳುತ್ತದೆ, ಸುಳ್ಳು ಯಾಕೆ ಹೇಳಲಿ.

ಹೋದ ಸುಗ್ಗಿಯಲ್ಲಿ ಸಿದ್ದಾಪುರದ ಅದೇ ರೈತರು ಮತ್ತೆ ಬಂದಿದ್ದರು. ಮುಂಗಡದ ಸಾಲು ಕೂಡಲೇ ಪರದೆ ಮೇಲೆ ಬಂತು. ಅವರು ಪರದೆ ನೋಡಿದರು, ಆಮೇಲೆ ಜೇಬಿನಿಂದ ಚೀಟಿ ತೆಗೆದು ಎರಡನ್ನೂ ಪಕ್ಕಪಕ್ಕ ಹಿಡಿದು ತಾಳೆ ನೋಡಿದರು. ತಾಳೆ ಆಯಿತು. ಚೀಟಿ ಮಡಿಚಿ ಮತ್ತೆ ಜೇಬಿಗೇ ಇಟ್ಟುಕೊಂಡರು.